ಗೋಳಿ ಗಿಡಕ್ಕೆ ಸುತ್ತಿದ ತಾಮ್ರ

ನನ್ನ ಹೆಂಡತಿ ಅಂಗನವಾಡಿ ಟೀಚರ್ ಆಗಿದ್ದವಳು. ನಾಲ್ಕು ವರ್ಷಗಳ ಹಿಂದೆ ನಿವೃತ್ತಳಾದ ದಿನ ಶಾಲು, ಹಣ್ಣಿನ ಬುಟ್ಟಿ, ಗೋಡೆ ಗಡಿಯಾರಗಳ ಜೊತೆಗೆ ಒಂದು ತೆಂಗಿನ ಗೆರಟೆಯನ್ನೂ ಮನೆಗೆ ತಂದಳು. ಗೆರಟೆಯ ಮಣ್ಣಿನಲ್ಲಿ ಬೆರಳುದ್ದದ ಗೋಳಿ ಗಿಡ, ಅಂದರೆ ಆಲದ ಸಸಿ, ಎರಡೇ ಎಲೆ ಬಿಟ್ಟುಕೊಂಡು ನಿಂತಿತ್ತು. ಅಂಗನವಾಡಿಯ ಕಿಟಕಿಯ ಮೇಲಿನ ಸನ್‌ಶೇಡಿನ ಬಿರುಕಿನಲ್ಲಿ ಹುಟ್ಟಿದ್ದು. ಪ್ರತಿ ವರ್ಷ ಪೈಂಟಿಗೆ ಬಂದವರು ಅದನ್ನು ಕಿತ್ತೆಸೆಯುತ್ತಿದ್ದರಂತೆ, ಮಳೆ ಬಿದ್ದ ಮೇಲೆ ಅದು ಅಲ್ಲೇ ಮತ್ತೆ ತಲೆಯೆತ್ತುತ್ತಿತ್ತಂತೆ.

"ಗೋಳಿಯನ್ನು ಯಾರಾದರೂ ಮನೆಗೆ ತರುದುಂಟಾ ಮಾರಾಯ್ತಿ?" ಎಂದು ಕೇಳಿದೆ.

"ಶಾಲು, ಗಡಿಯಾರ ಎಲ್ಲ ಅವರು ಕೊಟ್ಟದ್ದು. ಇದು ನಾನೇ ತಕೊಂಡದ್ದು," ಎಂದಳು.

ಆ ಮಾತಿನ ತೂಕ ನನಗೆ ಆಗ ತಿಳಿಯಲಿಲ್ಲ. ನಮ್ಮ ಮನೆಯ ಅಡುಗೆ ಮನೆ ನನ್ನ ಅಮ್ಮ ಇಟ್ಟ ಹಾಗೆಯೇ ಇದೆ. ಅಂಗಳದ ಚಪ್ಪಡಿ ನಾನು ಆರಿಸಿದ್ದು, ಕಿಟಕಿಯ ಪರದೆ ಮಗಳು ಆರಿಸಿದ್ದು. ಹಗಲೆಲ್ಲ ಊರಿನ ಮಕ್ಕಳನ್ನು, ಸಂಜೆ ನಮ್ಮನ್ನು ನೋಡಿಕೊಂಡವಳು ತನಗಾಗಿ ಬೇಕೆಂದು ಎತ್ತಿಕೊಂಡು ಬಂದದ್ದು ಆ ಗೆರಟೆ ಒಂದನ್ನೇ ಎಂಬುದು ನನಗೆ ಹೊಳೆಯಲು ಒಂದು ಕೊಂಬೆ ಮುರಿಯಬೇಕಾಯಿತು.

ಬೋನ್ಸಾಯ್ ಎಂಬ ಪದ ನಮ್ಮ ಮನೆಗೆ ಬಂದದ್ದು ಫೋನಿನ ವಿಡಿಯೋಗಳಿಂದ. ಗಿಡ ಗೆರಟೆಯಿಂದ ಐಸ್ಕ್ರೀಮ್ ಡಬ್ಬಕ್ಕೆ, ಅಲ್ಲಿಂದ ಅಗಲ ಬಾಯಿಯ ಮಣ್ಣಿನ ಚಟ್ಟಿಗೆ ಬಡ್ತಿ ಪಡೆಯಿತು. ಬೆಳಿಗ್ಗೆ ತಿಂಡಿ ಆದ ಮೇಲೆ ಅವಳು ಚಟ್ಟಿಯನ್ನು ಜಗಲಿಯ ಮೆಟ್ಟಿಲ ಮೇಲೆ ಇಟ್ಟುಕೊಂಡು ಕೂರುತ್ತಿದ್ದಳು. ಅಂಗನವಾಡಿಯಲ್ಲಿ ಮಕ್ಕಳ ಉಗುರು ಕತ್ತರಿಸುವಾಗ ಇದ್ದ ಅದೇ ಮುಖ, ಅದೇ ಸ್ವರ. "ಎಲ್ಲಿ, ಇದು ಉದ್ದ ಆಯಿತಲ್ಲ? ಆಯಿತು, ಆಯಿತು, ಈಗ ಮುಗಿಯಿತು." ಎರಡು ಎಲೆ ಉಳಿಸಿ ಅದರ ಮೇಲಿನ ಚಿಗುರನ್ನು ಕತ್ತರಿಸುವಳು. ಕತ್ತರಿಸಿದಲ್ಲಿ ಬಿಳಿ ಹಾಲು ಉಕ್ಕಿದರೆ ಒದ್ದೆ ಬಟ್ಟೆಯ ತುದಿಯಿಂದ ಒತ್ತಿ ಹಿಡಿಯುವಳು. ನಾನು ಚಹಾ ಕೇಳಿದರೆ, "ಫ್ಲಾಸ್ಕಿನಲ್ಲಿ ಉಂಟು," ಎಂಬ ಉತ್ತರ. ಮದುವೆಯಾಗಿ ಮೂವತ್ತು ವರ್ಷ ದಾಟಿದ ಮೇಲೆ ಗೇಣುದ್ದದ ಮರವೊಂದು ನನಗೆ ಸವತಿಯಾಗಿ ಬಂತು ಎಂದು ಅಂಗಡಿಯಲ್ಲಿ ಹೇಳಿ ನಗುತ್ತಿದ್ದೆ.

ನನ್ನ ಅಂಗಡಿ ಕಾಸರಗೋಡಿನ ಹತ್ತಿರ ಬೋವಿಕಾನದ ಪೇಟೆಯಲ್ಲಿದೆ. ಮೋಟಾರ್ ವೈಂಡಿಂಗ್. ಸುತ್ತಮುತ್ತ ಯಾರ ಪಂಪು ಸುಟ್ಟರೂ, ಯಾರ ಮಿಕ್ಸಿ ಹೊಗೆಯಾಡಿದರೂ ಅದರ ಹೊಟ್ಟೆಯೊಳಗಿನ ತಾಮ್ರದ ತಂತಿಯನ್ನು ಹೊಸದಾಗಿ ಸುತ್ತಿಕೊಡುವುದು ನನ್ನ ಕಸುಬು. ಈ ಕಸುಬಿನಲ್ಲಿ ನನಗೆ ಸ್ವಲ್ಪ ಜಂಬ ಇದೆ, ಇಲ್ಲವೆನ್ನುವುದಿಲ್ಲ. ನನಗೆ ಕೆಲಸ ಕಲಿಸಿದವರು ಎರಡು ಮಾತು ತಲೆಗೆ ಹೊಡೆದು ಕೂರಿಸಿದ್ದರು. ಒಂದು, ಸುತ್ತು ಸುತ್ತಿಗೆ ತಾಗಿಕೊಂಡೇ ಕೂರಬೇಕು. ಇನ್ನೊಂದು, ಸುತ್ತುವಾಗ ತಪ್ಪಾದರೆ ತಂತಿಯನ್ನು ಕತ್ತರಿಸಬಾರದು, ಮೊದಲಿನಿಂದ ಬಿಚ್ಚಿ ಉರುಳೆಗೆ ಏರಿಸಿ ಮತ್ತೆ ಸುತ್ತಬೇಕು. ನಡುವೆ ಗಂಟು ಬಂದರೆ ಮೋಟಾರು ಅಲ್ಲಿಯೇ ಸುಡುತ್ತದೆ. ಹೀಗಾಗಿ ತಾಮ್ರವನ್ನು ತುಂಡು ಮಾಡುವುದೆಂದರೆ ಇಂದಿಗೂ ನನ್ನ ಕೈ ಹಿಂಜರಿಯುತ್ತದೆ.

ಕಳೆದ ಬೇಸಿಗೆಯ ಹೊತ್ತಿಗೆ ಗೋಳಿಗೆ ಮೂರು ಕೊಂಬೆಗಳಾಗಿದ್ದವು. ಎಲ್ಲಕ್ಕಿಂತ ಕೆಳಗಿನದು ಎಡಕ್ಕೆ ಚಾಚಿಕೊಂಡಿತ್ತು. ಅದನ್ನು ಅವಳು ಎಡಗೈ ಎನ್ನುತ್ತಿದ್ದಳು. ಅದು ಪೆನ್ಸಿಲಿನಷ್ಟು ದಪ್ಪವಾಗುವುದನ್ನೇ ನಾಲ್ಕು ವರ್ಷ ಕಾದಿದ್ದಳು. ಇನ್ನು ಕೊಂಬೆಗಳಿಗೆ ತಂತಿ ಸುತ್ತಿ, ಮೆಲ್ಲನೆ ಬಗ್ಗಿಸಿ, ದೊಡ್ಡ ಮರದ ಕೊಂಬೆಗಳಂತೆ ಇಳಿಬಿಡಬೇಕು. ಆದರೆ ಅವಳ ಹೆಬ್ಬೆರಳಿನ ಬುಡದಲ್ಲಿ ನೋವು, ಬಾಟಲಿಯ ಮುಚ್ಚಳ ತಿರುಗಿಸುವುದೂ ಕಷ್ಟ. ಸವತಿಯ ಸೇವೆಗೆ ನನ್ನನ್ನೇ ಕರೆಯಬೇಕಾಯಿತು.

"ಅಲ್ಯೂಮಿನಿಯಂ ತಂತಿ ತನ್ನಿ. ವಿಡಿಯೋದಲ್ಲಿ ಅದನ್ನೇ ಹೇಳ್ತಾರೆ. ಮೆತ್ತಗೆ ಇರ್ತದೆ."

ನನಗೆ ಸಿಟ್ಟೇ ಬಂತು. ದುಡ್ಡು ಉಳಿಸಲು ವೈಂಡಿಂಗಿಗೆ ಅಲ್ಯೂಮಿನಿಯಂ ಸುತ್ತುವವರನ್ನು ನಾನು ಮನುಷ್ಯರ ಲೆಕ್ಕದಲ್ಲೇ ಇಟ್ಟವನಲ್ಲ. "ನನ್ನ ಮನೆಯ ಗಿಡಕ್ಕೆ ಅಲ್ಯೂಮಿನಿಯಂ ಸುತ್ತಿದರೆ ನಾಳೆ ಪೇಟೆಯಲ್ಲಿ ನಾನು ಮುಖ ತೋರಿಸುದು ಹೇಗೆ?" ಎಂದು ಅಂಗಡಿಯಿಂದ ದಪ್ಪ ತಾಮ್ರದ ಉರುಳೆಯನ್ನೇ ತಂದೆ. ಎಡಗೈಗೆ ಬುಡದಿಂದ ತುದಿಯವರೆಗೆ ಸುತ್ತಿಗೆ ಸುತ್ತು ತಾಗಿಸಿ ಸುತ್ತಿದೆ. ಹೊಳೆಯುತ್ತಿತ್ತು. ಅವಳು ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಇದಕ್ಕೆ ಕರೆಂಟು ಕೊಡ್ಲಿಕ್ಕುಂಟಾ? ಗಿಡಕ್ಕೆ ಉಸಿರಾಡ್ಲಿಕ್ಕೆ ಜಾಗ ಬೇಡ್ವಾ? ನಡುವೆ ಒಂದೊಂದು ಬೆರಳು ಬಿಟ್ಟು ಓರೆಯಾಗಿ ಸುತ್ತಿ."

ಎಲ್ಲ ಬಿಚ್ಚಿ ಉರುಳೆಗೆ ಏರಿಸಿ ಮತ್ತೆ ಸುತ್ತಿದೆ. ಆಗಷ್ಟೇ ಸುತ್ತಿದ ಮೆದು ತಂತಿ, ಸಲೀಸಾಗಿ ಬಿಚ್ಚಿ ಬಂದಿತ್ತು. ಮುಂದಿನ ಅನಾಹುತಕ್ಕೆ ಧೈರ್ಯ ಕೊಟ್ಟದ್ದು ಅದೇ. ಮೂರು ಕೊಂಬೆಗೂ ಸುತ್ತಿಯಾದ ಮೇಲೆ ಅವಳು ಎರಡೂ ಕೈಯಲ್ಲಿ ಎಡಗೈಯನ್ನು ಹಿಡಿದು, ಉಸಿರು ಬಿಗಿಹಿಡಿದು ಬಗ್ಗಿಸಿದಳು. ಕೊಂಬೆ ಅವಳು ಹೇಳಿದ ಕಡೆಗೇ ಬಾಗಿ ನಿಂತಿತು. ಆಗ ನನ್ನ ಕಡೆ ತಿರುಗಿ ನೋಡಿದ ಅವಳ ಮುಖ ನನಗೆ ಬಹಳ ಇಷ್ಟವಾಯಿತು. ಅಷ್ಟು ಖುಷಿಯನ್ನು ನಾನು ಸೀರೆ ತಂದುಕೊಟ್ಟಾಗಲೂ ನೋಡಿರಲಿಲ್ಲ.

ಮೇ ಕೊನೆಯಲ್ಲಿ ಕುಂಜತ್ತೂರಿನಲ್ಲಿರುವ ಮಗಳಿಗೆ ಎರಡನೆಯ ಹೆರಿಗೆ. ದೊಡ್ಡ ಮಗುವಿಗೆ ಶಾಲೆ ಇದ್ದುದರಿಂದ ಮಗಳು ಇಲ್ಲಿಗೆ ಬರುವಂತಿರಲಿಲ್ಲ, ಇವಳೇ ಎರಡು ತಿಂಗಳಿಗೆಂದು ಹೊರಟಳು. ಹೊರಡುವಾಗ ನನ್ನ ಊಟ, ಮಾತ್ರೆ, ಗ್ಯಾಸ್ ಬುಕ್ಕಿಂಗ್ ಯಾವುದರ ಬಗ್ಗೆಯೂ ಒಂದು ಮಾತಿಲ್ಲ. ಚಟ್ಟಿಯ ಎದುರು ನಿಲ್ಲಿಸಿ ಹೇಳಿದ್ದು ಇಷ್ಟು: "ಮಳೆಗೆ ಇದು ಬೇಗ ದಪ್ಪ ಆಗ್ತದೆ. ತಂತಿ ಸಿಪ್ಪೆಗೆ ಒತ್ತುವ ಮೊದಲು ತೆಗಿಬೇಕು. ಬಿಚ್ಚುದಲ್ಲ, ಕಟ್ಟರಿನಲ್ಲಿ ತುಂಡು ತುಂಡು ಮಾಡಿ ತೆಗಿಯುದು. ಗೊತ್ತಾಯಿತಾ?"

"ಹೂಂ," ಎಂದೆ. ಜೀವಮಾನವಿಡೀ ತಂತಿ ಸುತ್ತಿದವನಿಗೆ ಅಂಗನವಾಡಿ ಪಾಠ ಎಂದು ಮನಸ್ಸಿನೊಳಗೇ ಮೂಗು ಮುರಿದೆ.

ಜೂನ್‌ನಲ್ಲಿ ಹೊಳೆ ತುಂಬಿ, ಬದಿಯಲ್ಲಿಟ್ಟ ಪಂಪುಗಳೊಳಗೆಲ್ಲ ನೀರು ಹೊಕ್ಕಿತು. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಮೋಟಾರುಗಳು ಬಂದವು. ಗಿಡಕ್ಕೆ ಮಳೆಯೇ ನೀರು ಹಾಕುತ್ತದೆ ಎಂದು ಅದರ ಕಡೆ ನೋಡುವುದನ್ನೇ ಬಿಟ್ಟೆ. ಒಂದು ಭಾನುವಾರ ಬಿಸಿಲು ಬಂತೆಂದು ಚಟ್ಟಿಯನ್ನು ಮೆಟ್ಟಿಲಿಗೆ ತಂದು ನೋಡಿದರೆ, ಕೊಂಬೆಗಳು ಊದಿ, ಬಿಗಿಯಾದ ಬಳೆಯ ಎರಡೂ ಬದಿಯಲ್ಲಿ ಕೈ ಉಬ್ಬಿದಂತೆ ತಂತಿಯ ಆಚೀಚೆ ಸಿಪ್ಪೆ ಉಬ್ಬಿತ್ತು. ಕಟ್ಟರ್ ತಂದೆ. ತಂತಿಯ ಕೆಳಗೆ ತೂರಿಸಿದೆ. ಒಂದೇ ಉದ್ದದ, ಗಂಟಿಲ್ಲದ, ಚಂದದ ತಾಮ್ರ. ಕೈ ಏಳಲಿಲ್ಲ. ಮೊನ್ನೆ ಸಲೀಸಾಗಿ ಬಿಚ್ಚಿದವನಿಗೆ ಇವತ್ತೇನು ಕಷ್ಟ ಎಂದು ಕಟ್ಟರ್ ಕೆಳಗಿಟ್ಟು, ತುದಿ ಹಿಡಿದು ಬಿಚ್ಚತೊಡಗಿದೆ.

ಬಗ್ಗಿಸಿ, ಬಿಚ್ಚಿ, ಮತ್ತೆ ಬಗ್ಗಿಸಿದಷ್ಟೂ ತಾಮ್ರ ಗಟ್ಟಿಯಾಗುತ್ತದೆ. ಈ ಸಂಗತಿಯನ್ನು ಬೇರೆಯವರಿಗೆ ಕಲಿಸಿ ಕೊಡುವವನೇ ನಾನು. ನಾಲ್ಕನೆಯ ಸುತ್ತು ಬಿಚ್ಚುವಾಗ ಟಕ್ ಎಂದಿತು. ಎಡಗೈ ಬುಡದಲ್ಲಿ ಸೀಳಿ, ಒಂದು ಬದಿಯ ಸಿಪ್ಪೆಯಲ್ಲಿ ನೇತಾಡಿತು. ಹಾಲು ನನ್ನ ಬೆರಳ ಮೇಲೆಲ್ಲ ಇಳಿಯಿತು. ದೊಡ್ಡ ದೊಡ್ಡ ಮೋಟಾರು ಸುಟ್ಟಾಗಲೂ ನಾನು ಹೀಗೆ ಹೆದರಿದವನಲ್ಲ.

ಚಟ್ಟಿ ಎತ್ತಿಕೊಂಡು ಪಕ್ಕದ ಮನೆಯ ಬಾಯಮ್ಮನ ಹತ್ತಿರ ಓಡಿದೆ. ಬಾಯಮ್ಮ ಕೊಂಕಣಿ ಕ್ರಿಶ್ಚಿಯನ್ನರು, ಎಪ್ಪತ್ತು ದಾಟಿದವರು. ದಾಸವಾಳಕ್ಕೂ ಗುಲಾಬಿಗೂ ಕಸಿ ಕಟ್ಟುವುದರಲ್ಲಿ ಎತ್ತಿದ ಕೈ. ಆಗಷ್ಟೇ ಇಗರ್ಜಿಯಿಂದ ಬಂದು ಕೊಡೆ ಮಡಚುತ್ತಿದ್ದರು. ಕನ್ನಡಕ ಹಾಕಿಕೊಂಡು ನೋಡಿದರು.

"ಎಂತ ಮಾಡಿದ್ದು ಮಾರಾಯ ನೀನು? ಕುಸ್ತಿ ಹಿಡಿದದ್ದಾ?"

"ಉಳಿಸ್ಲಿಕ್ಕೆ ಆಗ್ತದಾ ಬಾಯಮ್ಮ?"

"ಸಿಪ್ಪೆ ಇನ್ನೂ ಹಿಡ್ಕೊಂಡುಂಟು. ನೋಡುವ. ಇದನ್ನು ಇಲ್ಲಿಟ್ಟು ಹೋಗು, ಅರ್ಧ ಗಂಟೆ ಬಿಟ್ಟು ಬಾ. ನನಗೆ ಚಹಾ ಕುಡಿಲಿಕ್ಕೆ ಉಂಟು."

ಅರ್ಧ ಗಂಟೆ ನಮ್ಮ ಅಂಗಳದಲ್ಲಿ ಶತಪಥ ಹಾಕಿ ಮತ್ತೆ ಹೋದೆ. ಬಾಯಮ್ಮ ಮಗ್ಗಿ ಒಪ್ಪಿಸಿದಂತೆ ಹೇಳಿದರು: ಸೀಳು ಕೂಡಿಸಿ ನಿನ್ನ ಕರಿ ಟೇಪ್ ಸುತ್ತು, ಕಡ್ಡಿ ಆನಿಸು, ಕೊಂಬೆ ಮುಚ್ಚುವ ಹಾಗೆ ಪ್ಲಾಸ್ಟಿಕ್ ಚೀಲದ ತೊಟ್ಟೆ ಹಾಕು, ನೆರಳಲ್ಲಿಡು, ಎಲೆಗೆ ನೀರು ತಾಗಿಸಬೇಡ, ಉಳಿದ ಎರಡು ಕೊಂಬೆಯ ತಂತಿ ಈಗ ಮುಟ್ಟಬೇಡ. ಎಲ್ಲ ಹಾಗೆಯೇ ಮಾಡಿದೆ. "ನನ್ನ ಹೆಂಡತಿಗೆ ಹೇಳಬೇಡಿ," ಎಂದು ಕೈ ಮುಗಿದೆ. "ನಿಮ್ಮ ಗಂಡ ಹೆಂಡಿರ ಸುದ್ದಿ ನನಗೆ ಎಂತಕ್ಕೆ," ಎಂದರು.

ಸಂಜೆ ವಿಡಿಯೋ ಕಾಲ್ ಬರುತ್ತಿತ್ತು. ಮೊಮ್ಮಗುವನ್ನು ನೋಡಿಯಾದ ಮೇಲೆ, "ಗಿಡ ತೋರಿಸಿ," ಎನ್ನುವಳು. ತೊಟ್ಟೆ ಕಾಣದಂತೆ ಫೋನನ್ನು ಬಲಬದಿಗೆ ಹಿಡಿದು, ಬೆರಳಿನಿಂದ ಅರ್ಧ ಕ್ಯಾಮರಾ ಮುಚ್ಚಿ, ಮೊಣಕಾಲೂರಿ ತೋರಿಸುತ್ತಿದ್ದೆ. ಒಂದು ದಿನವೂ ಅವಳು ತಿರುಗಿಸಿ ತೋರಿಸಿ ಎನ್ನಲಿಲ್ಲ. ನನ್ನ ಪುಣ್ಯ ಎಂದುಕೊಂಡೆ. "ನೆರಳಲ್ಲೇ ಇರ್ಲಿ, ಎಲೆಗೆ ನೀರು ತಾಗ್ಲಿಕ್ಕಿಲ್ಲ," ಎಂದಷ್ಟೇ ಹೇಳಿ ಇಡುವಳು. ಅತ್ತ ಎಡಗೈಯ ಎಲೆಗಳು ಹಳದಿಯಾಗಿ ತೊಟ್ಟೆಯೊಳಗೇ ಉದುರುತ್ತಿದ್ದವು. ದಿನಾ ಬೆಳಿಗ್ಗೆ ಎದ್ದವನೇ ಅಲ್ಲಿಗೆ ಹೋಗಿ ಒಂದು ಹಸಿರು ಮೊಳಕೆಯಾದರೂ ಕಂಡೀತೇ ಎಂದು ಹುಡುಕುತ್ತಿದ್ದೆ. ಅಷ್ಟು ದಿನವೂ ನನಗೆ ಊಟ ಸೇರಲಿಲ್ಲ, ಅದು ನಿಜ.

ಜುಲೈ ಕೊನೆಯಲ್ಲಿ ಅಳಿಯ ಅವಳನ್ನು ಕಾರಿನಲ್ಲಿ ತಂದು ಬಿಟ್ಟು ಹೋದ. ಕಾಲು ತೊಳೆದವಳೇ ನೇರ ಜಗಲಿಯ ಮೂಲೆಗೆ ಹೋದಳು. ನಾನು ಬಾಯಿಪಾಠ ಮಾಡಿಟ್ಟ ಮಾತುಗಳೆಲ್ಲ ಮರೆತುಹೋದವು.

"ಮುರಿದದ್ದು ನಾನು. ಕತ್ತರಿಸ್ಲಿಕ್ಕೆ ಮನಸ್ಸು ಬರ್ಲಿಲ್ಲ, ಬಿಚ್ಚಿದೆ," ಎಂದೆ.

"ಗೊತ್ತುಂಟು."

"ಬಾಯಮ್ಮ ಹೇಳಿದ್ದಾ?"

"ಬಾಯಮ್ಮ ನಿಮಗೆ ಹೇಳಿದ್ದೆಲ್ಲ ಅವರಿಗೆ ಹೇಳಿಕೊಟ್ಟದ್ದು ಯಾರು? ನಿಮ್ಮನ್ನು ಹೊರಗೆ ಕಳಿಸಿ ನನಗೆ ಫೋನ್ ಮಾಡಿದ್ದು ಅವರು. ಅವರಿಗೆ ಗೋಳಿಯ ವಿಷಯ ಎಂತ ಗೊತ್ತುಂಟು?"

ಅಂದರೆ ಆ ಟೇಪು, ಆ ಕಡ್ಡಿ, ಆ ತೊಟ್ಟೆ ಎಲ್ಲವೂ ಕುಂಜತ್ತೂರಿನಿಂದ ಬಂದ ಆಜ್ಞೆಗಳು. ನನ್ನ ಮೊಣಕಾಲೂರಿದ ನಾಟಕವನ್ನು ಅವಳು ಐದು ವಾರ ಟಿಕೆಟಿಲ್ಲದೆ ನೋಡಿದ್ದಳು.

"ಮತ್ತೆ ನೀನು ಸುಮ್ಮನೆ ಇದ್ದದ್ದು ಎಂತಕ್ಕೆ?"

"ಅಷ್ಟು ಕಷ್ಟದಲ್ಲಿ ಫೋನ್ ಹಿಡ್ಕೊಳ್ತಿದ್ರಿ. ಪಾಪ ಅನ್ನಿಸಿತು."

ನಗುತ್ತಲೇ ಹೇಳಿದಳು, ಆದರೆ ಟೇಪು ಬಿಡಿಸುವಾಗ ನಗು ಇರಲಿಲ್ಲ. ಎಡಗೈ ಒಣಗಿ ಕಡ್ಡಿಯಾಗಿತ್ತು. ಅದನ್ನು ಎರಡು ಬೆರಳಲ್ಲಿ ಹಿಡಿದು, "ನಾಲ್ಕು ವರ್ಷ," ಎಂದಳು. ಕಣ್ಣು ತುಂಬಿತ್ತು. ಕ್ಷಮಿಸು ಎಂಬ ಪದವನ್ನು ನಾನು ಅವಳಿಗೆ ಅಲ್ಲಿಯವರೆಗೆ ಹೇಳಿದ್ದೆನೋ ಇಲ್ಲವೋ ನೆನಪಿಲ್ಲ. ಆ ದಿನ ಹೇಳಿದೆ. ಅವಳು ಕತ್ತರಿ ತೆಗೆದು, ಒಣಗಿದ ಭಾಗವನ್ನು ಬುಡದವರೆಗೆ ಚೂರುಚೂರಾಗಿ ಕತ್ತರಿಸುತ್ತ ಹೋದಳು. ಕೊನೆಯ ಚೂರಿಗೆ ಬಿಳಿ ಹಾಲು ಜಿನುಗಿತು. ಒದ್ದೆ ಬಟ್ಟೆ ಒತ್ತಿ, "ಬುಡದಲ್ಲಿ ಜೀವ ಉಂಟು. ಚಿಗುರಬಹುದು," ಎಂದಳು.

ಉಳಿದ ಎರಡು ಕೊಂಬೆಗಳಲ್ಲಿ ತಂತಿ ಹಾಗೆಯೇ ಇತ್ತು, ಸಿಪ್ಪೆಯೊಳಗೆ ಇನ್ನಷ್ಟು ಹೂತಿತ್ತು. ಅವಳು ಒಳಗೆ ಹೋಗಿ ಕಟ್ಟರ್ ತಂದು ನನ್ನ ಕೈಯಲ್ಲಿಟ್ಟಳು.

"ನಾನಾ?" ಎಂದೆ.

"ಮತ್ತೆ ಯಾರು? ನನ್ನ ಹೆಬ್ಬೆರಳಿಗೆ ಆಗುದಿಲ್ಲ. ನಾನು ಕೊಂಬೆ ಹಿಡ್ಕೊಳ್ತೇನೆ."

ಅವಳು ಕೊಂಬೆ ಹಿಡಿದಳು. ನಾನು ಕಟ್ಟರಿನ ತುದಿಯನ್ನು ತಂತಿಗೆ ಕೂರಿಸಿ, ಉಸಿರು ಬಿಗಿಹಿಡಿದು ಅದುಮಿದೆ. ಅರ್ಧ ಸುತ್ತಿಗೆ ಒಂದು ತುಂಡು. ಕಟ್, ಕಟ್ ಎಂದು ಕಾಳಿನಷ್ಟು ತಾಮ್ರದ ಚೂರುಗಳು ಮೆಟ್ಟಿಲ ಮೇಲೆ ಉದುರಿದವು. ಎರಡು ಕೊಂಬೆ ಮುಗಿಸುವಾಗ ಬೆನ್ನೆಲ್ಲ ಬೆವರಿತ್ತು. ಗಿಡದ ಮೈಮೇಲೆ ತಂತಿಯ ಗುರುತು ಹಾವಿನಂತೆ ಸುತ್ತಿಕೊಂಡು ಉಳಿಯಿತು, ಒಂದು ಎಲೆಯೂ ಉದುರಲಿಲ್ಲ.

ಕಟ್ಟರ್ ಒರೆಸಿ ಇಟ್ಟು ಕೈ ತೊಳೆದು ಬಂದರೆ, ಅವಳು ಇನ್ನೂ ಮೆಟ್ಟಿಲ ಮೇಲೆ ಬಗ್ಗಿ ಕೂತಿದ್ದಳು. ಪಕ್ಕದಲ್ಲಿ ಸ್ಟೀಲಿನ ತಟ್ಟೆ. ನೋಯುವ ಹೆಬ್ಬೆರಳಿನಿಂದಲೇ ತಾಮ್ರದ ಚೂರುಗಳನ್ನು ಒಂದೊಂದಾಗಿ ಹೆಕ್ಕಿ, ಅಂಟಿದ ಹಾಲನ್ನು ಬಟ್ಟೆಯಲ್ಲಿ ಒರೆಸಿ ತಟ್ಟೆಗೆ ಹಾಕುತ್ತಿದ್ದಳು.

"ಅದನ್ನು ಎಂತಕ್ಕೆ ಹೆಕ್ಕುದು? ಯಾವ ಉಪಯೋಗಕ್ಕೂ ಇಲ್ಲ," ಎಂದೆ.

"ಕತ್ತರಿಸುವಾಗ ನಿಮ್ಮ ಮುಖ ನೋಡಿದೆ," ಎಂದು ಮೆಟ್ಟಿಲ ಸಂದಿಗೆ ಬಿದ್ದ ಕೊನೆಯ ಚೂರನ್ನೂ ಉಗುರಿನಿಂದ ಎಬ್ಬಿಸಿ ತೆಗೆದಳು. ತಟ್ಟೆಯನ್ನು ನನ್ನ ಕಡೆ ಚಾಚಿದಳು. "ಚಿಗುರು ಬಂದರೆ ಅದಕ್ಕೂ ನೀವೇ ಸುತ್ತಬೇಕು. ಆಗ ಅಲ್ಯೂಮಿನಿಯಂ ತನ್ನಿ."

ಮರುದಿನವೇ ಕಾಸರಗೋಡಿಗೆ ಹೋಗಿ ತಂದೆ. ಅಂಗಡಿಯ ಮೇಜಿನ ಮೇಲೆ, ಎಲ್ಲರಿಗೂ ಕಾಣುವಂತೆ, ಆ ತಾಮ್ರದ ಚೂರುಗಳನ್ನು ತುಂಬಿಟ್ಟ ಡಬ್ಬದ ಪಕ್ಕ ಇಟ್ಟಿದ್ದೇನೆ. ಬಂದವರು ಇದೆಂತ ಮಾರಾಯ್ರೇ, ನಿಮ್ಮಲ್ಲಿ ಅಲ್ಯೂಮಿನಿಯಂ ಎಂದು ಕೇಳಿದರೆ, ಹೆಂಡತಿಯ ಮರಕ್ಕೆ ಎನ್ನುತ್ತೇನೆ.