ಒಂದು ಗೇಣು ಬಟ್ಟೆ

ಕಟಿಂಗ್ ಮಾಸ್ಟರ್ ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು. ಕತ್ತರಿಗಿಂತ ಅವನ ನಾಲಿಗೆ ಹರಿತ ಎಂದು ಹೊಲಿಗೆ ಕಾರ್ಖಾನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಪುಣ್ಯಾತ್ಮ ಅದನ್ನು ಇಪ್ಪತ್ತು ವರ್ಷ ಹೊಗಳಿಕೆ ಎಂದೇ ನಂಬಿದ್ದ. ಯಾರಾದರೂ ಎದುರು ಮಾತಾಡಿದರೆ ಅವರ ಮಾತನ್ನೇ ಹಿಡಿದು, ಒಂದಿಷ್ಟು ಉದ್ದ ಎಳೆದು, ಎಲ್ಲರನ್ನೂ ನಗಿಸಿಬಿಡುತ್ತಿದ್ದ. ಅಲ್ಲಿಗೆ ವಾದ ಮುಗಿಯುತ್ತಿತ್ತು.

ನರ್ಸುಗಳ ಕೋಟಿನ ಆರ್ಡರ್ ಬಂದಾಗಲೂ ಹಾಗೇ ಆಯಿತು. ಬಟ್ಟೆ ಮೇಜಿನ ಮೇಲೆ ಹಾಸಿ ಸೀಮೆಸುಣ್ಣದ ಗೀಟು ಎಳೆದಾಗಿತ್ತು. ಗುಂಡಿ ಹೊಲಿಯುವ ಅಕ್ಕ ಎದ್ದು ಬಂದು, ಅಂಚನ್ನು ಬೆರಳಲ್ಲಿ ಉಜ್ಜಿ, ಇದನ್ನು ನೀರಿಗೆ ಹಾಕಿ ಎಂದು ಶುರುಮಾಡಿದಳು. ಮುಗಿಸಲು ಬಿಟ್ಟರೆ ತಾನೆ? ಅಕ್ಕ ಇಡೀ ಬಟ್ಟೆ ಥಾನನ್ನೇ ಒಗೆದು ಒಣಹಾಕುತ್ತಾಳಂತೆ, ನಾಳೆಯಿಂದ ಲಾಂಡ್ರಿ ಬೋರ್ಡು ತೂಗುಹಾಕೋಣ ಎಂದ ಮಾಸ್ಟರ್. "ನಾನು ಹೇಳಿದ್ದು ಅದಲ್ಲ," ಎಂದಳು ಅವಳು. ಎಲ್ಲರ ನಗುವಿನಲ್ಲಿ ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆಸ್ಪತ್ರೆಗೆ ಹೋದ ನೂರಿಪ್ಪತ್ತು ಕೋಟೂ ವಾಪಸು ಬಂದವು. ಮೊದಲ ಒಗೆತಕ್ಕೇ ಬಟ್ಟೆ ಕುಗ್ಗಿ ತೋಳುಗಳು ಮಣಿಕಟ್ಟು ಬಿಟ್ಟು ಮೇಲೇರಿದ್ದವು. ವಾರವಿಡೀ ಎಲ್ಲರೂ ಕೂತು ತೋಳಿಗೆ ಪಟ್ಟಿ ಕೂಡಿಸಿದರು. ನಾನು ಆಗಲೇ ಹೇಳಿದ್ದೆ ಎಂದು ಅಕ್ಕ ಅಂದಿದ್ದರೆ ಅದಕ್ಕೂ ಅವನ ಬಳಿ ಉತ್ತರವಿತ್ತು. ಅವಳು ಅನ್ನಲಿಲ್ಲ. ಅಂದಿನಿಂದ ಏನು ಕೇಳಿದರೂ, "ನೀವು ಹೇಳಿದ್ದೇ ಸರಿ, ಮಾಸ್ಟರ್," ಎಂದು ತಲೆ ತಗ್ಗಿಸುತ್ತಿದ್ದಳು. ಆ ಮಾತು ಕೇಳಿದಾಗಲೆಲ್ಲ ಅವನಿಗೆ ನಾಚಿಕೆಯಿಂದ ಕಿವಿ ಬಿಸಿಯಾಗುತ್ತಿತ್ತು. ಬಟ್ಟೆಯ ಗುಣವನ್ನು ಮುಟ್ಟಿ ಹೇಳಬಲ್ಲವಳು ಅಲ್ಲಿ ಅವಳೊಬ್ಬಳೇ. ಅವಳು ಬಾಯಿಗೆ ಬೀಗ ಹಾಕಿಕೊಂಡರೆ ಹೊಸ ಆರ್ಡರಿನ ಗತಿಯೂ ಅಷ್ಟೇ.

ಆ ದಿನಗಳಲ್ಲೇ ಮಾಸ್ಟರನ ಮಗಳು ಶಾಲೆಯ ಚರ್ಚಾ ಸ್ಪರ್ಧೆಗೆ ಅಪ್ಪನನ್ನು ಎದುರಾಳಿಯಾಗಿ ಕೂರಿಸಿಕೊಂಡು ಅಭ್ಯಾಸ ಮಾಡುತ್ತಿದ್ದಳು. ಅವಳ ಟೀಚರ್ ಒಂದು ಕಟ್ಟಳೆ ಮಾಡಿದ್ದರು: ಎದುರಿನವರ ಮಾತನ್ನು ಮೊದಲು ನೀನು ಹೇಳಬೇಕು, ಅವರು ಹೌದು ಇದೇ ಅಂದ ಮೇಲಷ್ಟೇ ನಿನ್ನ ಉತ್ತರ. ಮನೆಗೆಲಸ ಕಡಿಮೆ ಕೊಡಬೇಕು ಎಂದಳು ಮಗಳು. ಇವಳಿಗೆ ಓದೇ ಬೇಡವಂತೆ ಎಂದ ಅಪ್ಪ. ಮೂರು ಸಲ ಪ್ರಯತ್ನಿಸಿದ, ಮೂರು ಸಲವೂ ಅವಳ ಮಾತನ್ನು ಎಲ್ಲೋ ಒಂದು ಕಡೆ ಎಳೆದ.

"ನಾನು ಹೇಳಿದ್ದು ಅದಲ್ಲಪ್ಪ."

ಅಕ್ಕ ಆಡಿದ್ದೂ ಇದೇ ಮಾತು. ನೆಲ ಬಿರಿದು ನುಂಗಬಾರದೇ ಅನ್ನಿಸಿತು ಅವನಿಗೆ.

ಮರುದಿನ ಕತ್ತರಿ ಕೆಳಗಿಟ್ಟು, ಎಲ್ಲರೂ ಮಿಷನ್ ನಿಲ್ಲಿಸಿ ನೋಡುತ್ತಿರುವಾಗ ಅಕ್ಕನ ಮುಂದೆ ನಿಂತ.

"ಅಕ್ಕಾ, ಅವತ್ತು ನೀವು ಹೇಳಿದ್ದನ್ನ ನಾನು ಹೇಳ್ತೀನಿ. ಸರಿ ಇದ್ರೆ ಹೂಂ ಅನ್ನಿ, ಆಮೇಲೆ ನನ್ನ ಉತ್ತರ. ಬಟ್ಟೆನೆಲ್ಲಾ ಒಗೆದು ಕತ್ತರಿಸಬೇಕು ಅಂದ್ರಿ."

"ಇಲ್ಲ," ಎಂದಳು ಅಕ್ಕ. "ಒಂದು ಗೇಣು ಕೊಡಿ, ನೀರಿಗೆ ಹಾಕಿ ಊಟದ ಹೊತ್ತಿಗೆ ಒಣಗಿಸಿ ತರ್ತೀನಿ ಅನ್ನೋದಿತ್ತು. ಅಷ್ಟರಲ್ಲೇ ನೀವು ನಗಿಸಿಬಿಟ್ರಿ."

ಅವನು ಬೆರಳು ಚಾಚಿ ಅಳತೆ ಹಿಡಿದ. "ಒಂದು ಗೇಣು. ಊಟದ ಹೊತ್ತಿನ ತನಕ ಕಾಯಬೇಕು."

"ಹೂಂ, ಇದೇ. ಈಗ ನಿಮ್ಮ ಉತ್ತರ ಹೇಳಿ."

ಎಷ್ಟು ತಡಕಾಡಿದರೂ ಉತ್ತರ ಸಿಗಲಿಲ್ಲ. ಅವತ್ತೂ ಇರಲಿಲ್ಲ ಎನ್ನುವುದು ಈಗ ಹೊಳೆದು, ತಲೆ ಎತ್ತಲಾಗದೆ ಹೊಸ ಥಾನಿನ ತುದಿಯಿಂದ ಒಂದು ಗೇಣು ಕತ್ತರಿಸಿ ಕೊಟ್ಟ. ಅಕ್ಕ ಉಜ್ಜಿ ನೋಡಿದಳು.

"ಇದು ಕುಗ್ಗಲ್ಲ, ಮಾಸ್ಟರ್. ಒಗೆಯೋದು ಬೇಡ."

"ಕುಗ್ಗಲ್ಲ, ಒಗೆಯೋದು ಬೇಡ ಅಂತೀರಿ."

"ಹೂಂ."

"ನಾನು ಒಗೆದೇ ನೋಡೋಣ ಅಂತೀನಿ."

ಅಕ್ಕ ತುಂಡನ್ನು ಹಿಡಿದು ನಲ್ಲಿಯ ಕಡೆ ನಡೆದಳು. ಯಾರೂ ನಗಲಿಲ್ಲ.