ಅಳುವವರಿಗೆಲ್ಲ ಇವರದೇ ಕಾಲು

ಬೀದಿಯಲ್ಲಿ ಇನ್ನೂ ಹಾಲಿನ ಗಾಡಿ ಮಾತ್ರ ಓಡಾಡುವ ಹೊತ್ತು. ಗೋಡೆಗೆಲ್ಲ ಹಳೆಯ ಕಂಬಳಿ ಹೊಡೆದ, ಕಿಟಕಿಯಿಲ್ಲದ ಕೋಣೆಯಲ್ಲಿ ಅರವತ್ತರ ಆಸುಪಾಸಿನ ಗಂಡಸೊಬ್ಬರು ಪ್ಯಾಂಟನ್ನು ಮೊಣಕಾಲಿಗೆ ಮಡಚಿ, ಹೆಂಗಸರ ಎತ್ತರದ ಹಿಮ್ಮಡಿ ಚಪ್ಪಲಿ ಮೆಟ್ಟಿಕೊಂಡು ಮರದ ಹಲಗೆಯ ಮೇಲೆ ನಿಂತಿದ್ದಾರೆ. ಎದುರಿನ ಪರದೆಯಲ್ಲಿ, ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬಳು ಆಸ್ಪತ್ರೆಯೊಳಗಿನ ಉದ್ದನೆಯ ಓಣಿಯಲ್ಲಿ ಅಳುತ್ತ ನಡೆಯುತ್ತಿದ್ದಾಳೆ. ಅವಳು ಕಾಲಿಟ್ಟಾಗ ಇವರೂ ಇಡಬೇಕು, ಅವಳು ತಡವರಿಸಿದರೆ ಇವರೂ ತಡವರಿಸಬೇಕು. ಓಣಿ ಮುಗಿಯುವ ಲಕ್ಷಣ ಕಾಣುತ್ತಿಲ್ಲ.

"ಅಳಮ್ಮಾ ತಾಯಿ, ಬೇಡ ಅಂದೋರ್ಯಾರು? ಒಂದ್ಕಡೆ ಕೂತ್ಕೊಂಡು ಅಳಬಾರ್ದಾ!" ಎಂದು ಅವರು ಪರದೆಗೇ ಗದರುತ್ತಾರೆ. ಮೈಕು ಅದನ್ನೂ ಹಿಡಿದುಕೊಳ್ಳುತ್ತದೆ. ಗಾಜಿನಾಚೆ ಕೂತ ಸದ್ದಿನ ಮೇಲ್ವಿಚಾರಕಿ ಹಣೆ ಚಚ್ಚಿಕೊಳ್ಳುತ್ತಾರೆ. ಓಣಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಸ್ಟುಡಿಯೋದಲ್ಲಿ ಇವರನ್ನು ಎಲ್ಲರೂ ಹೆಜ್ಜೆಪ್ಪ ಎಂದೇ ಕರೆಯುವುದು. ಕೊರಿಯಾದ ಕುಟುಂಬ ಧಾರಾವಾಹಿಗಳು ನಮ್ಮ ಮಾತಿಗೆ ಬರುವಾಗ ಅಲ್ಲಿನವರ ಮಾತನ್ನು ತೆಗೆದುಹಾಕುತ್ತಾರೆ. ಹಳೆಯ ಧಾರಾವಾಹಿಗಳಲ್ಲಿ ಮಾತಿನ ಜೊತೆ ಅಂಟಿಕೊಂಡ ಸದ್ದೂ ಕೊಚ್ಚಿಹೋಗುತ್ತದೆ. ಹೆಜ್ಜೆ, ಬಾಗಿಲು, ಬಟ್ಟಲಿಗೆ ತಾಗುವ ಚಮಚ ಎಲ್ಲ ಮಂಗಮಾಯ. ಮಾತಾಡಲು ಬೇರೆ ಕಲಾವಿದರಿದ್ದಾರೆ, ಅವರ ಹೆಸರು ಕೊನೆಯಲ್ಲಿ ತೆರೆಯ ಮೇಲೆ ಬರುತ್ತದೆ. ನಡೆಯಲು ಇವರೊಬ್ಬರೇ. ಇವರ ಹೆಸರು ಬರುವ ಹೊತ್ತಿಗೆ ಜಾಹೀರಾತು ಶುರುವಾಗಿರುತ್ತದೆ.

ಈ ಕೆಲಸಕ್ಕೆ ಬಂದದ್ದು ಹೇಗೆಂದರೆ, ಮೊದಲು ಚಪ್ಪಲಿ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಸ್ಟುಡಿಯೋದವರು ಹಳೆಯ ಚಪ್ಪಲಿ, ಬೂಟು ಕೇಳಿದ್ದರು ಎಂದು ಒಂದು ಮೂಟೆ ಹೊತ್ತು ತಂದರು. ಆ ದಿನವೇ ಹಿಂದಿನವನು ಹಲಗೆಯಿಂದ ಜಾರಿ ಕಾಲು ಮುರಿದುಕೊಂಡಿದ್ದ. "ನನ್ನ ಪ್ರತಿಭೆ ನೋಡಿ ಕರೆದ್ರು ಅಂತ ಬರೀಬೇಡಿ. ಎರಡು ಕಾಲು ನೆಟ್ಟಗಿರೋ ಮನುಷ್ಯ ಬೇಕಿತ್ತು, ನಾನು ಬಾಗಿಲಲ್ಲೇ ನಿಂತಿದ್ದೆ, ಅಷ್ಟೆ." ಪಾದವೂ ಚಿಕ್ಕದು, ಹೆಂಗಸರ ಚಪ್ಪಲಿ ಹೆಚ್ಚುಕಮ್ಮಿ ಹಿಡಿಸುತ್ತದೆ. ಹಿಮ್ಮಡಿ ಬೆರಳಗಲ ಆಚೆ ಚಾಚಿಕೊಳ್ಳುತ್ತದೆ ನಿಜ, ಆದರೆ ಮೈಕಿಗೆ ಕಣ್ಣಿಲ್ಲವಲ್ಲ.

ಕೆಲಸದ ಮೇಲೆ ಸಿಟ್ಟಿಲ್ಲ. ಸಿಟ್ಟಿರುವುದು ಕಥೆಗಳ ಮೇಲೆ. "ಮೊದಲ್ನೇ ಕಂತಲ್ಲಿ ಯಾರಾದ್ರೂ ಸಾಯ್ಲೇಬೇಕು. ಆಮೇಲೆ ಆ ಮನೆಯೋರು ಒಂದು ನಿಮಿಷ ಕೂರಲ್ಲ. ಓಡ್ತಾರೆ, ಮೆಟ್ಲು ಹತ್ತುತಾರೆ, ಸಮುದ್ರದ ದಡದಲ್ಲಿ ನಡೀತಾರೆ. ನಾನಿಲ್ಲಿ ಬೋಗುಣಿಯಲ್ಲಿ ಮರಳು ತುಂಬ್ಕೊಂಡು ತುಳೀತಾ ಇರ್ಬೇಕು. ಹತ್ತನೇ ಕಂತಿಗೆ ಅಂಗಡಿ ತೆಗೀತಾರೆ, ಹದಿನಾರಕ್ಕೆ ಎಲ್ಲರೂ ಒಂದೇ ಮೇಜಲ್ಲಿ ಕೂತು ನಗ್ತಾ ಊಟ ಮಾಡ್ತಾರೆ. ದುಃಖ ಖತಂ!" ಕೈ ಒದರಿಕೊಳ್ಳುತ್ತಾರೆ. "ಅವರಿಗೇನೋ ಹದಿನಾರು ಕಂತು. ನಮಗೆಷ್ಟು ಅಂತ ಯಾರಾದ್ರೂ ಹೇಳಿದಾರಾ?"

ಈ ಸಿಟ್ಟಿಗೆ ಕಾರಣ ಮನೆಯಲ್ಲಿದೆ. ಹೆಜ್ಜೆಪ್ಪನವರ ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗುತ್ತ ಬಂತು. ಆಕೆ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದರು. ಚಿಕ್ಕಂದಿನಲ್ಲಿ ಮೆಟ್ಟಿಲಿಂದ ಬಿದ್ದು ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ಮಳೆಗಾಲದ ಒಂದು ಜ್ವರ, ವಾರದೊಳಗೆ ಎಲ್ಲ ಮುಗಿಯಿತು. ಮನೆಯಲ್ಲಿ ಉಳಿದವರು ಇಬ್ಬರು, ಅಳಿಯ ಮತ್ತು ಅತ್ತೆ. ಮಗಳೇ ಹೋದಮೇಲೆ ಅಳಿಯನ ಮನೆಯಲ್ಲಿ ಅತ್ತೆ ಇರುವುದೇ ಎಂದು ಕೇಳಿದವರಿಗೆ ಅತ್ತೆಯೇ ಉತ್ತರ ಕೊಟ್ಟಿದ್ದಾರೆ: "ಇವನಿಗೆ ಬೇಯ್ಸಕ್ಕೆ ಬರಲ್ಲ, ನನಗೆ ಕಣ್ಣು ಕಾಣಲ್ಲ. ಇಬ್ಬರೂ ಸೇರಿ ಒಂದು ಮನುಷ್ಯ ಆಗ್ತೀವಿ." ಬಂಧುಗಳು ಬಂದಾಗಲೆಲ್ಲ ಒಂದೇ ಉಪದೇಶ: ಆ ಧಾರಾವಾಹಿಯವರನ್ನು ನೋಡಿ ಧೈರ್ಯ ಕಲಿಯಪ್ಪ. ಹಗಲೆಲ್ಲ ಅದೇ ಧಾರಾವಾಹಿಯವರಿಗೆ ಕಾಲಾಗಿ ದುಡಿದು ಬಂದವರಿಗೆ ಈ ಮಾತು ಕೇಳಿದರೆ ಹೇಗಾಗಬೇಡ!

ಸಾಲದ್ದಕ್ಕೆ ಮನೆಯಲ್ಲೂ ಅದೇ. ಅತ್ತೆ ಸಂಜೆ ಟಿ.ವಿ. ಹಾಕಿದರೆ ಬೀದಿಯ ಕೊನೆಯ ಮನೆಗೂ ಕಥೆ ಗೊತ್ತಾಗುತ್ತದೆ. ಅವರು ನೋಡುವುದಾದರೂ ಇದೆಯೇ? ಪರದೆಗೆ ಬೆನ್ನು ಹಾಕಿ, ಒಗೆದ ಬಟ್ಟೆ ಮಡಿಸುತ್ತ ಕೂರುತ್ತಾರೆ. ಕಡಿಮೆ ಮಾಡಿ ಎಂದರೆ ಎರಡು ಗೆರೆ ಹೆಚ್ಚು ಮಾಡುತ್ತಾರೆ. ಕಥೆಯಲ್ಲಿ ಮಾತು ಬಂದಾಗ ಅವರೂ ಮಾತಾಡುತ್ತಾರೆ, ಮಾತು ನಿಂತು ಕಥೆಯ ತಾಯಿ ಅಡುಗೆಮನೆಗೆ ನಡೆದಾಗ "ಶ್" ಎನ್ನುತ್ತಾರೆ. "ತಲೆ ಕೆಟ್ಟುಹೋಗಿತ್ತು. ವಯಸ್ಸಾಯ್ತು, ಹಟ ಹೆಚ್ಚಾಯ್ತು ಅಂದ್ಕೊಂಡೆ" ಎನ್ನುತ್ತಾರೆ ಹೆಜ್ಜೆಪ್ಪ.

ಹೋದ ವರ್ಷ ಒಂದು ಬೆಳಿಗ್ಗೆ ಮೇಲ್ವಿಚಾರಕಿ ಇವರನ್ನು ಕೂರಿಸಿಕೊಂಡು ಹಿಂದಿನ ಕಂತುಗಳ ಸದ್ದನ್ನಷ್ಟೇ ಕೇಳಿಸಿದರು. ಚಾನೆಲ್‌ನಿಂದ ದೂರು ಬಂದಿತ್ತು. "ಅಲ್ಲಾ ಹೆಜ್ಜೆಪ್ಪಾ, ಈ ಮನೇಲಿ ಅಜ್ಜಿ, ತಾಯಿ, ಚಿಕ್ಕಮ್ಮ, ಮಗಳು ಎಲ್ಲರೂ ಎಡಗಾಲು ಎಳೀತಾರೆ. ಹೋಗ್ಲಿ, ರಕ್ತದಲ್ಲಿ ಬಂದಿದೆ ಅನ್ನೋಣ. ನಿನ್ನೆ ಮದುವೆಯಾಗಿ ಬಂದ ಸೊಸೆ ಯಾಕೆ ಎಳೀತಾಳೆ?"

ಹೆಜ್ಜೆಪ್ಪ ಇಲ್ಲವೆಂದು ವಾದಿಸಿದರು. ಆಕೆ ಮತ್ತೊಮ್ಮೆ ಕೇಳಿಸಿದರು. ಟಪ್, ಸರ್ರ್. ಟಪ್, ಸರ್ರ್. ಇವರು ಬಗ್ಗಿ ತಮ್ಮ ಕಾಲನ್ನೇ ನೋಡಿಕೊಂಡರು.

ನಡೆದದ್ದು ಇಷ್ಟು. ಆ ಧಾರಾವಾಹಿಗಳಲ್ಲಿ ಹೊರಗಿನ ಬೂಟು ಬಾಗಿಲಲ್ಲೇ ಬಿಡುತ್ತಾರೆ, ಮನೆಯೊಳಗೆ ಮೆತ್ತನೆಯ ಚಪ್ಪಲಿ. ಸ್ಟುಡಿಯೋದ ಅಂಥ ಜೋಡಿ ಕಿತ್ತುಹೋದಾಗ, ಹೊಸದು ಬರುವವರೆಗೆ ಇರಲಿ ಎಂದು ಹೆಜ್ಜೆಪ್ಪ ಹೆಂಡತಿಯ ಮನೆಚಪ್ಪಲಿ ತಂದಿದ್ದರು. ಹೊಸದು ಯಾರೂ ತರಿಸಲಿಲ್ಲ, ಇವರೂ ಕೇಳಲಿಲ್ಲ. ಎಡಗಡೆಯದು ಒಂದು ಬದಿಗೆ ಸವೆದು ವಾಲಿಕೊಂಡಿತ್ತು. ಅದನ್ನು ಮೆಟ್ಟಿದ ಕಾಲು ಬೇರೆ ಹೇಗೆ ನಡೆದೀತು? ಎರಡು ವರ್ಷ, ಅತ್ತವರೆಲ್ಲ ಆ ಕಾಲಲ್ಲೇ ನಡೆದರು. ದಿನವಿಡೀ ಅದನ್ನೇ ಕೇಳುತ್ತಿದ್ದ ಇವರ ಕಿವಿಗೆ ಮಾತ್ರ ಅದರಲ್ಲಿ ಹೊಸತೇನೂ ಕೇಳಿಸಲಿಲ್ಲ. ಹೆಂಗಸರು ನಡೆಯುವುದೇ ಹಾಗೆ ಎಂದುಕೊಂಡಿದ್ದರು, ಮನೆಯಲ್ಲಿ ಅವರು ಅಷ್ಟು ವರ್ಷ ಕೇಳಿದ್ದು ಅದೊಂದೇ ನಡಿಗೆ.

ಮೇಲ್ವಿಚಾರಕಿ ಹೊಸ ಚಪ್ಪಲಿ ತರಿಸಿದರು. ನಾಚಿಕೆಯಲ್ಲಿ ಹೆಜ್ಜೆಪ್ಪ ತಲೆ ತಗ್ಗಿಸಿ ನಡೆದರು. ಎಲ್ಲ ಹೆಂಗಸರ ಕಾಲೂ ನೆಟ್ಟಗಾಯಿತು.

ಕೆಲವು ವಾರಗಳಾದ ಮೇಲೆ ಆ ಕಂತು ಮನೆಯ ಟಿ.ವಿ.ಗೆ ಬಂತು. ಅತ್ತೆ ಎಂದಿನಂತೆ ಬೆನ್ನು ಹಾಕಿ ಕೂತರು. ಕಥೆಯ ತಾಯಿ ಅಡುಗೆಮನೆಗೆ ನಡೆದಳು. ಅತ್ತೆಯ ಕೈಯಲ್ಲಿದ್ದ ಬಟ್ಟೆ ಹಾಗೇ ನಿಂತಿತು. ಇನ್ನೊಮ್ಮೆ ನಡೆದಳು. ಅತ್ತೆ ತಡಕಾಡಿ ರಿಮೋಟ್ ಹುಡುಕಿ, ಟಿ.ವಿ.ಯನ್ನೇ ಆರಿಸಿಬಿಟ್ಟರು.

"ಏನಾಯ್ತು ಅತ್ತೆ?" ಎಂದರು ಹೆಜ್ಜೆಪ್ಪ.

"ಇವತ್ತು ಅವಳು ಬರಲಿಲ್ಲ."

ಯಾರೆಂದು ಹೆಜ್ಜೆಪ್ಪನವರಿಗೆ ತಿಳಿಯಿತು. ಮಗಳು ಹೋದಂದಿನಿಂದ ಆ ಮನೆಯಲ್ಲಿ ಅವಳ ಮಾತು ಎತ್ತಿದವರಿರಲಿಲ್ಲ. ಅತ್ತೆ ಕುಸಿದಾರು ಎಂದು ಅಳಿಯ ಸುಮ್ಮನಿದ್ದರು, ಅಳಿಯ ಕುಸಿದಾನು ಎಂದು ಅತ್ತೆ. ಅಂದು ಅತ್ತೆ ಬಾಯ್ತುಂಬ ಬೈದರು. "ಹೆತ್ತವಳು ಕಣೋ ನಾನು! ಅವಳು ಮೆಟ್ಲಿಂದ ಬಿದ್ದ ದಿನದಿಂದ ಆ ಕಾಲಿನ ಸದ್ದು ಕೇಳಿದೀನಿ. ನಿನಗೊಬ್ಬನಿಗೇ ಗೊತ್ತು ಅಂದ್ಕೊಂಡ್ಯಾ? ಇದ್ದದ್ದೊಂದು ಸದ್ದು, ಅದನ್ನೂ ಕಳೆದುಹಾಕಿದ್ಯಲ್ಲೋ!"

ಮೊದಲೇ ಯಾಕೆ ಹೇಳಲಿಲ್ಲ ಎಂದು ಇವರು ರೇಗಿದರು.

"ಹೇಳಿದ್ರೆ ನೀನು ನಿಲ್ಲಿಸಿಬಿಡ್ತಿದ್ದೆ."

ಆ ಸಂಜೆ ಒಲೆಯ ಮೇಲಿದ್ದ ಅನ್ನ ಸೀದುಹೋಯಿತು. ಇಬ್ಬರೂ ಅತ್ತರು, ಒಬ್ಬರ ಮೇಲೊಬ್ಬರು ಕೂಗಾಡಿದರು, ಸೀದದ್ದನ್ನೇ ತಿಂದರು. "ಧಾರಾವಾಹಿ ಥರ ಏನಿಲ್ಲ. ಮಾರನೇ ದಿನ ಮತ್ತೆ ಉಪ್ಪಿನ ವಿಷಯಕ್ಕೆ ಜಗಳ" ಎನ್ನುತ್ತಾರೆ ಹೆಜ್ಜೆಪ್ಪ. ಆದರೆ ಜಗಳದ ನಡುವೆ ಈಗ ಅವಳ ಹೆಸರು ಬರುತ್ತದೆ. ಅವಳಿದ್ದರೆ ಇಷ್ಟು ಉಪ್ಪು ಹಾಕುತ್ತಿರಲಿಲ್ಲ ಎಂದು ಇಬ್ಬರೂ ಪೈಪೋಟಿಯಲ್ಲಿ ಸಾಕ್ಷಿ ಹೇಳುತ್ತಾರೆ.

ಮರುವಾರ ಹೆಜ್ಜೆಪ್ಪ ಮೇಲ್ವಿಚಾರಕಿಯ ಮುಂದೆ ನಿಂತು ಇದ್ದದ್ದು ಇದ್ದ ಹಾಗೆ ಹೇಳಿದರು. ಆಕೆ ಎದುರಿನ ಗಾಜು ಒರೆಸಿದರು. ಆಮೇಲೆ, "ಒಂದು ಧಾರಾವಾಹಿಗೆ ಒಬ್ಬಳೇ ಕಾಲು ಎಳೀಲಿ. ನಾಯಕಿ ಬೇಡ. ಓಡೋರು ಬೇಡ" ಎಂದರು.

ಅದೇ ಈಗಿನ ಕರಾರು. ಈ ಬೆಳಿಗ್ಗೆ ಓಣಿಯ ವಿಧವೆ ಕಡೆಗೂ ಓಣಿ ದಾಟಿ ಮನೆ ಸೇರಿದ್ದಾಳೆ. ಅವಳ ದೊಡ್ಡಮ್ಮ ಒಂದು ಲೋಟ ನೀರು ತಂದುಕೊಡಬೇಕು. ಹೆಜ್ಜೆಪ್ಪ ಹಿಮ್ಮಡಿ ಚಪ್ಪಲಿ ಕಳಚಿ, ಬಟ್ಟೆಯ ಚೀಲದಿಂದ ಆ ಹಳೆಯ ಜೋಡಿ ತೆಗೆಯುತ್ತಾರೆ. ಈ ಸಲ ಪರದೆಗೆ ಬೈಯುವುದಿಲ್ಲ. ದೊಡ್ಡಮ್ಮ ಕೋಣೆ ದಾಟುತ್ತಾಳೆ, ನೀರು ಕೊಡುತ್ತಾಳೆ, ಹೋಗುತ್ತಾಳೆ. ಒಂದೇ ಸಲಕ್ಕೆ ಸರಿಯಾಗುತ್ತದೆ.

ನಿಮಗೆ ಏನಾಗಬೇಕು ಎಂದು ಕೇಳಿದರೆ ಚಪ್ಪಲಿ ತಿರುಗಿಸಿ ತೋರಿಸುತ್ತಾರೆ. ಎಡಗಡೆಯ ಅಟ್ಟೆ ಕಾಗದದಷ್ಟಾಗಿದೆ. "ಹೆಸರು ಗಿಸರು ಏನೂ ಬೇಡ. ಅತ್ತೆ ಇರೋವರೆಗೆ ಇದು ತಡೀಬೇಕು, ಅಷ್ಟೆ. ಹೊಸ ಅಟ್ಟೆ ಹಾಕಿಸಿದ್ರೆ ನೆಟ್ಟಗೆ ನಡೆದುಬಿಡುತ್ತೆ."

ಸಂಜೆ ಅವರ ಮನೆಯಲ್ಲಿ ಟಿ.ವಿ. ಎಂದಿನಂತೆ ಅರಚುತ್ತಿದೆ. ಅತ್ತೆ ಬೆನ್ನು ಹಾಕಿ ಕೂತಿದ್ದಾರೆ. ಇಂಥ ಗದ್ದಲದಲ್ಲಿ ಮನುಷ್ಯರು ಬದುಕುವುದು ಹೇಗೆ ಎಂದು ಗೊಣಗುತ್ತಲೇ ಹೆಜ್ಜೆಪ್ಪ ರಿಮೋಟ್ ಕೈಗೆತ್ತಿಕೊಂಡು ಎರಡು ಗೆರೆ ಹೆಚ್ಚು ಮಾಡುತ್ತಾರೆ. ಅತ್ತೆ ಕೈ ಎತ್ತುತ್ತಾರೆ.

"ಶ್... ಸುಮ್ನಿರೋ. ಬಂದ್ಲು."