ದುಗ್ಗು ಹೊಲಿದ ಎರಡು ಅಕ್ಷರ

ದಾಸನಕೊಡ್ಲಿನ ಮುತ್ತು ಪೂಜಾರ್ತಿಯ ಹೆಸರು ಯಾವ ಪೇಪರಿನಲ್ಲೂ ಬಂದಿಲ್ಲ. ನಮ್ಮ ಧರಣಿಗಳ ಫೋಟೋದಲ್ಲಿ ಹುಡುಕಿದರೆ ಅವಳದೊಂದು ಕೈ ಕಂಡೀತು. ಮುಖಕ್ಕೆ ಯಾರದೋ ಬ್ಯಾನರು ಅಡ್ಡ. ಬೈಂದೂರು ಕಡೆಯ ಕಾಡಂಚಿನಲ್ಲಿ ಅವಳಿಗೆ ಮೂವತ್ತೆರಡು ಸೆಂಟ್ಸ್ ಜಾಗ, ಅದರಲ್ಲೊಂದು ಹಂಚಿನ ಮನೆ, ಹತ್ತು ತೆಂಗು, ಒಂದು ಬಾವಿ. ಕಾಗದದ ಪ್ರಕಾರ ಅಷ್ಟೂ ಅರಣ್ಯ.

1997ರಲ್ಲಿ ಅವಳ ಗಂಡ ಪಾಂಡು ಮುಂಬಯಿಯ ಹೋಟೆಲ್ ಕೆಲಸದಿಂದ ಕ್ಷಯ ಹಿಡಿಸಿಕೊಂಡು ಬಂದು ಸತ್ತ. ಅದೇ ವರ್ಷ ಅರಣ್ಯ ಇಲಾಖೆಯ ಗಡಿಕಲ್ಲು ಹಾಕುವವರು ಬಂದು ಬಾವಿಯ ಪಕ್ಕ ಗುಂಡಿ ತೋಡಿದರು. ಮುತ್ತು ಎಲೆ ತುಂಬಿದ ಗೆರಸಿ ಹಿಡಿದುಕೊಂಡು ಗುಂಡಿಯೊಳಗೆ ಇಳಿದು ಬೀಡಿ ಕಟ್ಟುತ್ತ ಕುಳಿತಳು.

"ಮೇಲ್ ಬಾ ಅಕ್ಕ" ಎಂದ ಗಾರ್ಡು.

"ಕಲ್ಲ್ ಹಾಕುದಾರೆ ನನ್ ತಲಿ ಮೇಲೇ ಹಾಕಿ. ಗಟ್ಟಿ ಇತ್ತ್" ಎಂದಳು. ಮಧ್ಯಾಹ್ನದ ಹೊತ್ತಿಗೆ ನಾನೂರು ಬೀಡಿ ಮುಗಿದಿತ್ತು, ಅವರೂ ಹೋಗಿದ್ದರು. ಭೂಮಿ ಹಕ್ಕಿಗೆ ಹೋರಾಡುವ ನಮ್ಮ ಸಂಘಕ್ಕೆ ಅವಳು ಸಿಕ್ಕಿದ್ದು ಹಾಗೆ.

ಹತ್ತು ವರ್ಷದ ಮೇಲೆ ಅರಣ್ಯ ಹಕ್ಕಿನ ಕಾಯ್ದೆ ಬಂತು. ನಾವು ಪಟಾಕಿ ಹೊಡೆದೆವು, ಪೂರ್ತಿ ಓದಿರಲಿಲ್ಲ. ಆದಿವಾಸಿಗಳಲ್ಲದವರು ಮೂರು ತಲೆಮಾರು, ಎಪ್ಪತ್ತೈದು ವರ್ಷ, ಅಲ್ಲೇ ಇದ್ದೆವೆಂದು ತೋರಿಸಬೇಕಿತ್ತು. ಲೆಕ್ಕ ಹಾಕಿದರೆ 1930ಕ್ಕೆ ಹೋಗಿ ನಿಲ್ಲುತ್ತದೆ. ಕೂಲಿಯವರ ಮನೆಯಲ್ಲಿ ಆ ಕಾಲದ ಕಾಗದ ಎಲ್ಲಿಂದ ಬರಬೇಕು? ಗೆದ್ದಲು ತಿಂದಿತು ಅನ್ನುವುದಕ್ಕೂ ಮೊದಲು ಕಾಗದ ಇರಬೇಕಲ್ಲ. ಮುತ್ತುವಿನ ಅರ್ಜಿ ತುಂಬಿದವನು ನಾನು. "ನನ್ನ ಅಮ್ಮಮ್ಮ ದುಗ್ಗು ಹುಟ್ಟಿದ್ದೂ ಸತ್ತದ್ದೂ ಇದೇ ಜಾಗದಲ್ಲಿ" ಎಂದು ಬರೆದೆ. ಅವಳು ಹಾಗೆ ಕೇಳಿಕೊಂಡೇ ಬೆಳೆದಿದ್ದಳು. ದಾಖಲೆ ಎಂದಿದ್ದ ಕಡೆ ಗೆರೆ ಎಳೆದು ಬಿಟ್ಟೆ.

2010ರ ಆಸಾಡಿ ಮಳೆಗೆ ಮನೆ ಸೋರಿತು. ತಗಡಿನ ಟ್ರಂಕನ್ನು ಖಾಲಿ ಮಾಡುವಾಗ ತಳದಲ್ಲಿ ಹಾಸಿದ್ದ ಬಟ್ಟೆ ಸಿಕ್ಕಿತು. ಒಲೆಯ ಹೊಗೆ ಕುಡಿದು ಕಂದಾದ ಬಟ್ಟೆ, ಅದರ ಮೇಲೆ ಕೆಂಪು ನೂಲಿನ ಕಸೂತಿ: ಅ ಆ ಇ ಈ, ಒಂದು ಹಕ್ಕಿ, ಕೆಳಗೆ "ಗು. ದು. 1929". ಮುತ್ತು ಅದನ್ನು ಎದೆಗೆ ಅವುಚಿಕೊಂಡು ಮಳೆಯಲ್ಲೇ ನಮ್ಮ ಮನೆಗೆ ಬಂದಳು.

"ಹ್ವಾಯ್ ಅಣ್ಣ, ಇಸವಿ ಕಾಣಿ. ಒಂದ್ ವರ್ಷ ಮೊದ್ಲೇ ಇತ್ತ್."

ಅರಣ್ಯ ಹಕ್ಕು ಸಮಿತಿಯ ಕಾರ್ಯದರ್ಶಿ ರವಿಚಂದ್ರ ನಮ್ಮೂರಿನವನೇ, ಕೆಟ್ಟವನಲ್ಲ. ಬಟ್ಟೆಯ ಫೋಟೋ ತೆಗೆದು ಫೈಲಿಗೆ ಹಚ್ಚಿದ ಮೇಲೆ ಕೇಳಿದ: "ದು ಅಂದ್ರೆ ದುಗ್ಗು, ಅಡ್ಡಿಲ್ಲೆ. ಗು ಅಂದ್ರೆ ಎಂತ ಮುತ್ತಕ್ಕ?"

"ಗುರುವ. ನನ್ ಅಜ್ಜ."

"ಅ ಆ ಇ ಈ ಕಲಿವ ಹತ್ತ್ ವರ್ಷದ ಹೆಣ್ಣ್ ಗಂಡನ ಹೆಸ್ರ್ ಹೊಲಿತ್ತಾ?"

ಸುತ್ತ ಇದ್ದವರು ನಕ್ಕರು. ಮುತ್ತುವೂ ನಕ್ಕಳು.

"ದುಗ್ಗುವಿನ ಅಪ್ಪನ ಹೆಸ್ರೆಂತ?"

"ಚೆನ್ನಯ್ಯ."

"ಹಾಂಗಾರೆ ಇದ್ ಬೇರೆ ಯಾರದ್ದೋ ಬಟ್ಟಿ ಅಂಬ್ರ್ ಮೇಲಿನವ್ರ್. ಗು ಯಾರ್ ಅಂದ್ ತಿಳ್ಕಂಡ್ ಬನ್ನಿ. ಹದಿನೈದ್ ದಿನ ಇತ್ತ್."

ಆ ಹದಿನೈದು ದಿನ ನಾವು ತಿರುಗಿದ ಬಸ್ಸುಗಳಿಗೆ ಲೆಕ್ಕವಿಲ್ಲ. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನ ಮನೆ, ದುಗ್ಗುವಿನ ತಾಯಿಯ ಅಣ್ಣನ ಹೆಸರಿರಬಹುದು ಎಂದು ಕೆದಕಿದೆವು. ಅವನ ಹೆಸರು ಮಂಜ. ಕುಂದಾಪುರದಲ್ಲಿ ದೂರದ ನೆಂಟನೊಬ್ಬನನ್ನು ಹಿಡಿದು ಹಿರಿಯರ ಹೆಸರೆಲ್ಲ ಹೇಳಿಸಿದೆವು. ಒಬ್ಬನಾದರೂ ಗು ಇಲ್ಲ. ಮುತ್ತು ಬೀಡಿ ಕಟ್ಟುವುದು ನಿಲ್ಲಿಸಿದ್ದಳು. ಊಟವನ್ನೂ ನಿಲ್ಲಿಸಿದ್ದಳೋ ಏನೋ, ಮೈ ಇಳಿದಿತ್ತು. ಹನ್ನೊಂದನೇ ದಿನ ಬ್ರಹ್ಮಾವರದ ಹಳೇ ಟೈಲರೊಬ್ಬರು ಬಟ್ಟೆ ಮಗುಚಿ ನೋಡಿದರು. "ಇದ್ ಶಾಲಿ ಪರೀಕ್ಷಿಗೆ ಹೊಲಿದ್ದ್. ಬಸ್ರೂರಗೆ ರಾಜೀವಿ ಟೀಚರ್ ಇದ್ರ್, ಅವ್ರ ಹತ್ರ ಕೇಣಿ" ಎಂದರು.

ರಾಜೀವಿ ಟೀಚರಿಗೆ ಎಂಬತ್ತೆರಡು. ಹುಡುಗಿಯರ ಶಾಲೆಯಲ್ಲಿ ಕಲಿತು ಅಲ್ಲೇ ಹೊಲಿಗೆ ಕಲಿಸಿದವರು. ಬಟ್ಟೆಯನ್ನು ಕಣ್ಣಿಗೆ ಒತ್ತಿಕೊಳ್ಳುವಷ್ಟು ಹತ್ತಿರ ಹಿಡಿದರು.

"ಗಿಣಿ ಮಾಡುಕೆ ಹೋಯಿ ಕೋಳಿ ಮಾಡಿತ್ ಹೆಣ್ಣ್" ಎಂದರು. ಹಿಂಬದಿ ಸವರಿ, "ಒಂದ್ ಗಂಟಿಲ್ಲೆ. ಕೈ ಒಳ್ಳೆದಿತ್ತ್."

"ಗು ಅಂದ್ರೆ ಎಂತ ಟೀಚರೆ?" ಮುತ್ತು ಅಕ್ಷರದ ಮೇಲೆ ಬೆರಳಿಟ್ಟಳು.

"ಊರ್. ಮತ್ತೆಂತ? ಅಪ್ಪನ್ ಹೆಸ್ರ್ ಹಾಕುದೆಲ್ಲ ಈಗಿನ್ ಕತಿ. ಒಂದ್ ಕ್ಲಾಸಗೆ ಮೂರ್ ದುಗ್ಗು, ನಾಕ್ ಸೀತು. ಯಾವ್ ಊರಿನ್ ದುಗ್ಗು ಅಂದ್ ಗೊತ್ತಾಯ್ಕಲೆ." ಒಳಗೆ ಹೋಗಿ ತಮ್ಮದೇ ಬಟ್ಟೆ ತಂದು ಮಡಿಲ ಮೇಲೆ ಹಾಸಿದರು. "ಬ. ರಾ. 1938". ಬಸ್ರೂರು ರಾಜೀವಿ. "ಗು ಅಂದ್ರೆ ಗುಲ್ವಾಡಿ. ಅಲ್ಲಿಂದ ಸುಮಾರ್ ಮಕ್ಕಳ್ ದೋಣಿಯಗೆ ಬತ್ತಿದ್ದೊ."

ಟೀಚರಿಗೆ ಸಹಾಯ ಮಾಡಿದ ಖುಷಿ. ಚಾ ಕೊಟ್ಟರು. ಮುತ್ತು ಮುಟ್ಟಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಅವಳೇ ಮಾತು ತೆಗೆದಳು. "ಅಮ್ಮಮ್ಮ ಗುಲ್ವಾಡಿಯವ್ಳ್. ಇಪ್ಪತ್ತೊಂಬತ್ತರಗೆ ಇನ್ನೂ ಅಲ್ಲೇ ಇದ್ದಿತ್. ಅಲ್ದಾ?"

"ಹೌದು."

"ಹಾಂಗಾರೆ ಮದಿ ಆಯಿ ಗಂಡನೊಟ್ಟಿಗೆ ಬಂದದ್ದ್."

ಗುರುವ ಹಳ್ಳಿಯ ಗೇಣಿ ಬಿಟ್ಟು ಗುಡ್ಡ ಹತ್ತಿದವನು. ಅದು ಊರಿಗೇ ಗೊತ್ತು; ದುಗ್ಗು ಮಾತ್ರ ಇಲ್ಲಿಯವಳೇ, ಅವಳ ತಾಯಿಮನೆಗೇ ಅವನು ಬಂದದ್ದು ಎಂದುಕೊಂಡಿದ್ದೆವು. ಹತ್ತು ವರ್ಷದ ಹುಡುಗಿ 1929ರಲ್ಲಿ ದೋಣಿ ಹತ್ತಿ ಶಾಲೆಗೆ ಹೋಗುತ್ತಿದ್ದರೆ, ದಾಸನಕೊಡ್ಲಿನಲ್ಲಿ ಒಲೆ ಹೊತ್ತಿದ್ದು ಗಡುವು ದಾಟಿದ ಮೇಲೆಯೇ. ನಾನು ಬರೆದ "ಹುಟ್ಟಿದ್ದೂ ಸತ್ತದ್ದೂ" ಸುಳ್ಳಾಗಿತ್ತು. ಅದನ್ನು ಸುಳ್ಳು ಮಾಡಿದ್ದು ನಮ್ಮ ಕೈಯಲ್ಲಿದ್ದ ಒಂದೇ ಒಂದು ಸಾಕ್ಷಿ.

"ಗು ಗೊತ್ತಾಗಲಿಲ್ಲ ಅಂತ ಹೇಳುವ" ಎಂದೆ. ಅವಳು ಬಟ್ಟೆಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡಳು.

ಕುಂದಾಪುರದಲ್ಲಿ ವಿಚಾರಣೆಯ ದಿನ ಮುತ್ತು ಬಟ್ಟೆಯನ್ನು ಪ್ಲಾಸ್ಟಿಕ್ ತೊಟ್ಟೆಯಿಂದ ತೆಗೆದು ಮೇಜಿನ ಮೇಲೆ ಹಾಸಿದಾಗ ನನಗೆ ಗೊತ್ತಾಯಿತು. ಬೀಡಿ ಎಲೆ ಕತ್ತರಿಸುವ ಕತ್ತರಿಯ ಮೊನೆಯಿಂದ ಅವಳು ಒಂದಕ್ಷರ ಬಿಚ್ಚಿದ್ದಳು. "ದು. 1929" ಮಾತ್ರ ಉಳಿದಿತ್ತು. ಫೈಲಿನ ಫೋಟೋ ಅವಳಿಗೆ ಮರೆತೇ ಹೋಗಿತ್ತು. ಆದರೆ ಫೋಟೋ ಯಾರಿಗೂ ಬೇಕಾಗಲಿಲ್ಲ. ಎಂಬತ್ತು ವರ್ಷದ ಹೊಗೆ ಬಟ್ಟೆಯನ್ನೆಲ್ಲ ಕಂದು ಮಾಡಿತ್ತು. ನೂಲಿನ ಅಡಿಗೆ ಮಾತ್ರ ಅದು ಇಳಿದಿರಲಿಲ್ಲ. ಕೆಂಪಿನಲ್ಲಿ ಮಾಸಿಹೋಗಿದ್ದ ಗು ಈಗ ಬಿಳಿಯಲ್ಲಿ ಎದ್ದು ನಿಂತಿತ್ತು.

ಅಧಿಕಾರಿ ಸಣ್ಣ ವಯಸ್ಸಿನ ಹೆಂಗಸು. ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು.

"ಇಲ್ಲೊಂದು ಅಕ್ಷರ ಇತ್ತಲ್ವಾ?"

ಏನಾದರೂ ಹೇಳಬೇಕಾದವನು ನಾನು. ಕೈಯಲ್ಲಿದ್ದ ಅರ್ಜಿಯ ಪ್ರತಿ ಮಗುಚಿದೆ.

"ಇದ್ದಿತ್" ಎಂದಳು ಮುತ್ತು. "ನಾನೇ ಬಿಚ್ಚಿದ್ದ್. ಗುಲ್ವಾಡಿ ಅಂದ್ ಆತ್ತ್ ಅದ್."

"ಯಾಕಮ್ಮ ಬಿಚ್ಚಿದ್ರಿ?"

"ಮನಿ ಬೇಕಿದ್ದಿತ್."

ಅಧಿಕಾರಿ ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟಳು. ಆಮೇಲೆ ಬರೆದಳು. ಬರೆಯದೆ ಅವಳಾದರೂ ಏನು ಮಾಡಬೇಕು. ಅರ್ಜಿ ತಿರಸ್ಕೃತವಾಯಿತು, ಬಟ್ಟೆ ಫೈಲಿಗೆ ಹೋಯಿತು.

ಮೇಲ್ಮನವಿ ಬರೆಯಲು ನಾನು ದಾಸನಕೊಡ್ಲಿಗೆ ಹೋದೆ. ಮುತ್ತು ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದಳು, ತಲೆ ಎತ್ತಲಿಲ್ಲ. ಈ ಸಲ ಅವಳನ್ನು ಕೇಳಿಯೇ ಬರೆಯುವುದೆಂದು, ಹಿರಿಯರು ಇಲ್ಲಿಗೆ ಬಂದ ವರ್ಷ ಯಾವುದೆಂದು ಕೇಳಿದೆ.

"ಬಂದ ವರ್ಷ ನಂಗೊತ್ತಿಲ್ಲೆ ಅಣ್ಣ. ಹೋಪುಕೆ ಜಾಗ ಇಲ್ಲೆ ಅಂದ್ ಬರಿನಿ."

ಅದಕ್ಕೆ ಕಾಲಮ್ಮು ಇರಲಿಲ್ಲ. ಅಂಚಿನಲ್ಲಿ ಬರೆದೆ. ಮೇಲ್ಮನವಿಯೂ ಬಿತ್ತು. ಯಾರೂ ಇನ್ನೂ ಎಬ್ಬಿಸಲು ಬಂದಿಲ್ಲ. ಗದ್ದೆಯಾಚೆಯ ರಸ್ತೆಯಲ್ಲಿ ಜೀಪಿನ ಸದ್ದಾದರೆ ಅವಳ ಕೈ ನಿಲ್ಲುತ್ತದೆ, ಜೀಪು ದಾಟಿದ ಮೇಲೆ ಮತ್ತೆ ಎಲೆ ಸುತ್ತುತ್ತದೆ.